ಒಲೆಯ ಗಡಿಗೆ

"ಏನೂ ವ್ಯರ್ಥವಾಗದ ಹಾಗೆ ಮಾಡುವುದರಲ್ಲಿ ತಪ್ಪೇನಿದೆ, ಸರ್?" ಎಂದು ತಿಪ್ಪೇಶ ಕೇಳಿದ.

ಅವನು ಆಹಾರ ಸಂಸ್ಕರಣೆಯಲ್ಲಿ ಸಂಶೋಧನೆ ಮಾಡುತ್ತಿದ್ದವನು. ರುದ್ರಮುನಿ ಮೇಷ್ಟ್ರು ಅವನ ಮಾರ್ಗದರ್ಶಕರು. ಎಣ್ಣೆ ತೆಗೆದ ಮೇಲೆ ಉಳಿಯುವ ಶೇಂಗಾ ಹಿಂಡಿಯನ್ನು ಅವನು ಹಿಟ್ಟು ಮಾಡಿದ್ದ. ಆ ಹಿಟ್ಟಿನಿಂದ ಅಂಗನವಾಡಿಯ ಮಕ್ಕಳಿಗೆಂದು ಬಿಸ್ಕತ್ತು ಮಾಡಿದ್ದ. ಈಗ ಎಲ್ಲ ಕಡೆ ಸಂಶೋಧನೆ ಇದೇ ದಾರಿಯಲ್ಲಿದೆ ಎಂದು ವಿವರಿಸಿದ. ಹಣ್ಣಿನ ಸಿಪ್ಪೆ, ತೌಡು, ಕಬ್ಬಿನ ಸಿಪ್ಪೆ, ಹಾಲು ಒಡೆದ ನೀರು, ಯಾವುದನ್ನೂ ಈಗ ಯಾರೂ ಚೆಲ್ಲುವುದಿಲ್ಲವಂತೆ. ಆ ವರ್ಷ ಅವನು ಹೋದ ಸಭೆಗಳಲ್ಲೆಲ್ಲ ಇದೇ ಮಾತಂತೆ. ಬಿಸ್ಕತ್ತಿನ ರುಚಿ, ಬಣ್ಣ, ಸತ್ವ ಎಲ್ಲವನ್ನೂ ಅಳೆದು ವರದಿ ಬರೆದಿದ್ದ. ಅದಕ್ಕೆ ಮೇಷ್ಟ್ರ ಸಹಿ ಬೇಕಿತ್ತು. ವರದಿ ಮೂರು ವಾರದಿಂದ ಅವರ ಮೇಜಿನ ಮೇಲೆ ಹಾಗೇ ಬಿದ್ದಿತ್ತು. ಕಳಿಸಲು ಮರುದಿನವೇ ಕೊನೆ.

ಮೇಷ್ಟ್ರು ಡಬ್ಬಿಯಿಂದ ಒಂದು ಬಿಸ್ಕತ್ತು ತೆಗೆದು ತಟ್ಟೆಯಲ್ಲಿಟ್ಟರು. ತಿನ್ನಲಿಲ್ಲ.

"ಕೂತುಕೋ" ಎಂದರು. ಆಮೇಲೆ ಒಂದು ಕತೆ ಹೇಳಿದರು.

ಒಬ್ಬ ಗಾಣದವನಿದ್ದ. ಶೇಂಗಾ ಎಣ್ಣೆ ತೆಗೆಯುವುದು ಅವನ ಕಸುಬು. ತಂದೆಯಿಂದ ಬಂದದ್ದು. ಒಳ್ಳೆಯ ಮನುಷ್ಯ. ಚೆಲ್ಲಿದ್ದನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಅಂಗಳದಲ್ಲಿ ಒಂದು ಕಾಳು ಬಿದ್ದಿದ್ದರೂ ಬಗ್ಗಿ ಎತ್ತಿ, ಮಣ್ಣು ಊದಿ, ರಾಶಿಗೆ ಹಾಕುತ್ತಿದ್ದ. ಅವನು ತಟ್ಟೆಯಲ್ಲಿ ಅನ್ನ ಬಿಟ್ಟದ್ದನ್ನು ಯಾರೂ ಕಂಡಿರಲಿಲ್ಲ.

ಅವನ ಗಾಣದಲ್ಲಿ ಒಂದು ಪದ್ಧತಿ ನಡೆದು ಬಂದಿತ್ತು. ಗಾಣಕ್ಕೆ ಹಾಕುವ ಮೊದಲು ಕಾಳನ್ನು ಒಬ್ಬ ಮುದುಕಿ ಮೊರದಲ್ಲಿ ಹರಡಿಕೊಂಡು ಆರಿಸುತ್ತಿದ್ದಳು. ಸುಕ್ಕಿದ್ದು, ಕಪ್ಪಾದದ್ದು, ಹಸಿರು ಬೂಷ್ಟು ಹಿಡಿದದ್ದು ಪಕ್ಕದ ಗಡಿಗೆಗೆ ಬೀಳುತ್ತಿತ್ತು. ಅನುಮಾನ ಬಂದರೆ ಒಂದು ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡುವಳು. ಕಹಿಯಾದರೆ ಉಗುಳಿ, ಆ ಮೊರವನ್ನೇ ಗಡಿಗೆಗೆ ಸುರಿಯುವಳು. ಸಂಜೆ ಕೆಲಸ ಮುಗಿಯುವಾಗ ಗಾಣದವನೇ ಎದ್ದು ಬಂದು ಆ ಗಡಿಗೆಯನ್ನು ಕಾಳು ಬಿಸಿ ಮಾಡುವ ಒಲೆಗೆ ಬೋರಲು ಹಾಕಬೇಕು. ಆಳಿನ ಕೈಯಲ್ಲಿ ಮಾಡಿಸುವಂತಿಲ್ಲ. ತಂದೆ ಇಟ್ಟ ಕಟ್ಟಳೆ ಅದು. ಯಾಕೆಂದು ತಂದೆ ಹೇಳಿರಲಿಲ್ಲ. ಇವನೂ ಕೇಳಿರಲಿಲ್ಲ.

ಒಂದು ವರ್ಷ ಶೇಂಗಾ ಕಿತ್ತು ರಾಶಿ ಹಾಕಿದ ಮೇಲೆ ಮಳೆ ಹಿಡಿಯಿತು. ಹನ್ನೊಂದು ದಿನ ಬಿಡಲಿಲ್ಲ. ಹೊಲದಲ್ಲಿದ್ದ ರಾಶಿಗಳು ನೆನೆದವು, ಒಳಗೊಳಗೇ ಬಿಸಿಯಾದವು. ಆ ವರ್ಷ ಗಾಣಕ್ಕೆ ಬಂದ ಕಾಳಿನಲ್ಲಿ ಗಡಿಗೆ ಮಧ್ಯಾಹ್ನಕ್ಕೇ ತುಂಬುತ್ತಿತ್ತು. ಮುಂದಿನ ವಾರ ದಿನಕ್ಕೆ ಎರಡು ಗಡಿಗೆ. ಅದರ ಮುಂದಿನ ವಾರ ಒಂದು ಚೀಲ.

ಗಾಣದವನು ಒಲೆಯ ಮುಂದೆ ನಿಲ್ಲುತ್ತಿದ್ದ. ಕಾಳು ಬಿದ್ದ ಕೂಡಲೇ ಎಣ್ಣೆ ಹೊತ್ತಿ ಉರಿ ಏಳುತ್ತಿತ್ತು. ಆ ಉರಿ ತನ್ನ ಹೊಟ್ಟೆಯಲ್ಲೇ ಎದ್ದ ಹಾಗೆ ಅವನಿಗೆ ಆಗುತ್ತಿತ್ತು. ಊಟ ಸೇರದಾಯಿತು. ಜನ ಬೆಳೆದ ಅನ್ನವನ್ನು ನಾನು ಸುಡುತ್ತಿದ್ದೇನೆ ಎಂದು ಹೆಂಡತಿಯ ಹತ್ತಿರ ಹೇಳಿಕೊಂಡ.

ಆ ದಿನಗಳಲ್ಲಿ ಪೇಟೆಯಿಂದ ಓದಿದವನೊಬ್ಬ ಗಾಣ ನೋಡಲು ಬಂದ. ಒಲೆಯ ಹತ್ತಿರ ಚೀಲ ಕಂಡು, ಇದನ್ನು ಯಾಕೆ ಸುಡುತ್ತೀರಿ ಎಂದು ಕೇಳಿದ. ಕೆಟ್ಟ ಕಾಳಿನ ಎಣ್ಣೆಯೂ ಎಣ್ಣೆಯೇ ಎಂದ. ಕಾಸಿ, ಕ್ಷಾರದ ನೀರಿನಲ್ಲಿ ತೊಳೆದು, ದಪ್ಪ ಬಟ್ಟೆಯಲ್ಲಿ ಸೋಸಿದರೆ ಕಹಿ ಹೋಗುತ್ತದೆ, ಬಣ್ಣ ಹೋಗುತ್ತದೆ, ವಾಸನೆಯೂ ಹೋಗುತ್ತದೆ. ಯಾವುದನ್ನೂ ಎಸೆಯದೆ ಇರುವುದೇ ಈಗಿನ ವಿದ್ಯೆ ಎಂದು ತಿಳಿಸಿಕೊಟ್ಟ. ಗಾಣದವನಿಗೆ ತನ್ನ ಮನಸ್ಸಿನಲ್ಲಿದ್ದದ್ದನ್ನೇ ಬೇರೆ ಯಾರೋ ಓದಿ ಹೇಳಿದಂತಾಯಿತು.

ಆದರೂ ಅವನು ದುಡುಕುವ ಜಾತಿಯವನಲ್ಲ. ಒಂದು ಚೀಲ ಕೆಟ್ಟ ಕಾಳನ್ನು ಬೇರೆಯಾಗಿ ಅರೆದ. ಹೇಳಿದ ಹಾಗೆ ತೊಳೆದ, ಸೋಸಿದ. ಎಣ್ಣೆ ತಿಳಿಯಾಗಿ ಬಂತು. ಒಂದು ಶೀಶೆಯಲ್ಲಿ ತುಂಬಿ ಪರೀಕ್ಷೆಗೆ ಪೇಟೆಗೆ ಕಳಿಸಿದ. ದೋಷವಿಲ್ಲ ಎಂದು ಕಾಗದ ಬಂತು. ಅದೂ ಸಾಲದೆಂದು ಒಂದು ತಿಂಗಳು ತನ್ನ ಮನೆಯ ಒಗ್ಗರಣೆಗೆ ಅದೇ ಎಣ್ಣೆ ಹಾಕಿಸಿದ. ದಿನವೂ ಉಂಡು ಎದ್ದ ಮೇಲೆ ಎಲ್ಲರ ಮುಖ ನೋಡುತ್ತಿದ್ದ. ಯಾರಿಗೂ ಏನೂ ಆಗಲಿಲ್ಲ.

ಅಲ್ಲಿಂದ ಮುಂದೆ ಗಡಿಗೆ ಒಲೆಗೆ ಹೋಗಲಿಲ್ಲ. ಒಳ್ಳೆಯದೂ ಕೆಟ್ಟದ್ದೂ ಒಟ್ಟಿಗೇ ಗಾಣಕ್ಕೆ ಬಿತ್ತು. ಆರಿಸುವುದೇ ಇಲ್ಲವೆಂದ ಮೇಲೆ ಆರಿಸುವವಳಿಗೆ ಕೆಲಸವೆಲ್ಲಿ. ಮುದುಕಿ ತನ್ನ ಮೊರ ತೆಗೆದುಕೊಂಡು ಎದ್ದಳು. ಅವಳು ಅವನನ್ನು ಚಡ್ಡಿ ಹಾಕುವ ಕಾಲದಿಂದ ನೋಡಿದವಳು.

"ಗಡಿಗೆ ಏನು ಮಾಡ್ತೀಯೋ ಮಗಾ?" ಎಂದು ಕೇಳಿದಳು.

"ನೀರು ತುಂಬಿಸಿ ಇಡ್ತೀನಿ, ಅಜ್ಜಿ. ಒಲೆಗೆ ಉಣ್ಣಿಸಿ ಸಾಕಾಯ್ತು."

"ಒಲೆ ಉಂಡ್ರೆ ಅಲ್ಲಿಗೆ ಮುಗೀತಿತ್ತು" ಎಂದಳು ಮುದುಕಿ. "ಇನ್ನು ಯಾರು ಉಣ್ತಾರೋ."

ಕೆಲಸ ಹೋದ ಸಿಟ್ಟಿಗೆ ಆಡಿದ ಮಾತು ಎಂದುಕೊಂಡು ಅವನು ನಕ್ಕುಬಿಟ್ಟ.

ಎಣ್ಣೆ ತೆಗೆದ ಮೇಲೆ ಹಿಂಡಿ ಉಳಿಯುತ್ತದೆ. ಹಿಂಡಿ ದನಕ್ಕೆ ಹೋಗುತ್ತದೆ. ಅದೂ ಹಿಂದಿನಿಂದ ನಡೆದದ್ದೇ. ಎಣ್ಣೆಯನ್ನು ಅಷ್ಟು ಜೋಪಾನವಾಗಿ ಪರೀಕ್ಷೆ ಮಾಡಿಸಿದವನಿಗೆ ಹಿಂಡಿಯನ್ನು ಕಳಿಸಬೇಕೆಂದು ಹೊಳೆಯಲಿಲ್ಲ. ಅವನ ಲೆಕ್ಕದಲ್ಲಿ ಗಾಣದಿಂದ ಬಂದ ಪದಾರ್ಥ ಎಂದರೆ ಎಣ್ಣೆ. ಪೇಟೆಯವನಿಗೂ ಅಷ್ಟೇ ಹೊಳೆದಿತ್ತು.

ಆಗ ಅವನ ಮಗಳು ತವರಿಗೆ ಬಂದಿದ್ದಳು. ಎರಡನೆಯದಕ್ಕೆ ಮೂರು ತಿಂಗಳ ಬಸುರಿ. ಮೊದಲನೆಯದು ಹೆಣ್ಣುಮಗು, ಎರಡು ವರ್ಷವೂ ತುಂಬಿರಲಿಲ್ಲ, ಆಗಷ್ಟೇ ಮೊಲೆ ಬಿಡಿಸಿದ್ದರು. ಮಗುವಿಗೆ ಅನ್ನ ಸೇರದು, ಹಾಲೇ ಆಧಾರ. ಬೀದಿಯ ಕೊನೆಯಲ್ಲಿ ಹಸು ಕಟ್ಟಿದ್ದ ಒಬ್ಬ ಹೆಂಗಸಿದ್ದಳು. ಅವಳಿಗೆ ಗಾಣದವನು ತಾನೇ ಹೋಗಿ ಹೇಳಿಬಂದ. ಒಂದೇ ಹಸುವಿನ ಹಾಲು ಬರಬೇಕು, ಮೊದಲ ಲೋಟ ನಮ್ಮ ಮನೆಗೇ ಬರಬೇಕು. ಹಾಲು ಗಟ್ಟಿಯಾಗಿರಲಿ ಎಂದು ವಾರಕ್ಕೊಂದು ಬುಟ್ಟಿ ಹಿಂಡಿಯನ್ನು ಆ ಹಸುವಿಗೆಂದೇ ಗಾಣದಿಂದ ಕಳಿಸುತ್ತಿದ್ದ. ದುಡ್ಡು ಕೇಳುತ್ತಿರಲಿಲ್ಲ.

ಐದು ತಿಂಗಳು ಹೀಗೆ ನಡೆಯಿತು.

ಒಂದು ಬೆಳಿಗ್ಗೆ ಹಾಲಿನ ಹೆಂಗಸು ಗಾಣಕ್ಕೆ ಬಂದಳು. ನಾಳೆಯಿಂದ ಹಾಲು ಕಡಿಮೆಯಾಗಬಹುದು, ಬೇಜಾರಾಗಬೇಡಿ ಎಂದಳು. ಹಸು ಒಂದು ವಾರದಿಂದ ಸರಿಯಾಗಿ ತಿನ್ನುತ್ತಿಲ್ಲ. ನೀವು ಕೊಟ್ಟ ಹಿಂಡಿಯನ್ನೂ ಮೂಸಿ ಬಿಡುತ್ತಿದೆ ಎಂದು ನಾಚಿಕೆಯಿಂದ ಹೇಳಿದಳು. ಧಣಿಯ ಹಿಂಡಿಯನ್ನು ದೂರಿದಂತಾಯಿತೇನೋ ಎಂದು ಅವಳಿಗೆ ಅಂಜಿಕೆ.

ಗಾಣದವನು ಅವಳ ಜೊತೆಗೇ ಹೊರಟ. ಯಾಕೆ ಹೊರಟೆ ಎಂದು ಅವನಿಗೇ ಗೊತ್ತಿರಲಿಲ್ಲ. ದಾರಿಯಲ್ಲಿ ಎರಡು ಸಲ ಚಪ್ಪಲಿ ಕಳಚಿತು.

ಕೊಟ್ಟಿಗೆಯಲ್ಲಿ ಹಸು ತಲೆ ಇಳಿಬಿಟ್ಟು ನಿಂತಿತ್ತು. ಪಕ್ಕೆಯ ಎಲುಬು ಎದ್ದಿತ್ತು. ಸೆಗಣಿ ಬಾಚುತ್ತಿದ್ದವಳು ಆ ಮುದುಕಿ. ಗಾಣದ ಕೆಲಸ ಹೋದ ಮೇಲೆ ಕೂಲಿ ಹುಡುಕುತ್ತಾ, ಹಿಂದಿನ ದಿನವಷ್ಟೇ ಅಲ್ಲಿ ಸೇರಿಕೊಂಡಿದ್ದಳು. ಅವಳು ಅವನನ್ನು ನೋಡಿದಳು. ಕೈ ಒರೆಸಿಕೊಂಡು ಬಾನಿಯಲ್ಲಿ ಹಸು ಬಿಟ್ಟಿದ್ದ ಹಿಂಡಿಯ ಚೂರೊಂದನ್ನು ತೆಗೆದು ಹಲ್ಲಿನಲ್ಲಿ ಕಚ್ಚಿದಳು. ಹಿಂದೆ ಕಾಳು ಕಚ್ಚುತ್ತಿದ್ದ ಹಾಗೆಯೇ. ಉಗುಳಿದಳು.

"ಗಡಿಗೆ ಇಲ್ಲಿಗೆ ಬಂದಿದೆ" ಎಂದಳು.

ದನದ ಡಾಕ್ಟರನ್ನು ಕರೆಸಿದರು. ಅವರು ಹಿಂಡಿಯನ್ನು ಬೆಳಕಿಗೆ ಹಿಡಿದು ನೋಡಿದರು, ಕಾಳು ಎಂಥದ್ದಿತ್ತು ಎಂದು ವಿಚಾರಿಸಿದರು. ಆ ಬೂಷ್ಟಿನಲ್ಲಿ ವಿಷ ಇರುತ್ತದೆ ಎಂದರು. ಎಣ್ಣೆಯನ್ನು ತೊಳೆದರೆ ಎಣ್ಣೆಯಿಂದ ಹೋಗುತ್ತದೆ. ಆದರೆ ಅದರ ಬಹುಪಾಲು ಮೊದಲಿನಿಂದಲೂ ಹಿಂಡಿಯಲ್ಲೇ ಉಳಿದಿರುತ್ತದೆ. ಹಸು ತಿಂದರೆ ಹಸುವಿನ ಪಿತ್ತಜನಕಾಂಗಕ್ಕೆ ಪೆಟ್ಟು. ಸ್ವಲ್ಪ ಹಾಲಿನಲ್ಲಿ ಇಳಿಯುತ್ತದೆ. ಕಾಸಿದರೂ ಹೋಗುವುದಿಲ್ಲ.

ಗಾಣದವನು ಹಾಲಿನ ಹೆಂಗಸಿನ ಕಡೆ ತಿರುಗಿದ. ಇವತ್ತಿನ ಹಾಲು ಎಲ್ಲಿ ಎಂದು ಕೇಳಿದ.

ಅವಳಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಆಗಲೇ ಕೊಟ್ಟು ಬಂದ್ನಲ್ಲ ಧಣಿ. ಮೊದಲ ಲೋಟ ನಿಮ್ಮನೇದೇ ಅಲ್ವಾ?"

ಅವನು ಓಡಿದ. ಆ ವಯಸ್ಸಿನಲ್ಲಿ ಅವನು ಬೀದಿಯಲ್ಲಿ ಓಡಿದ್ದನ್ನು ಜನ ನಿಂತು ನೋಡಿದರು. ಮನೆಯ ಮುಂದೆ ಮಗಳು ಕಟ್ಟೆಯ ಮೇಲೆ ಕೂತಿದ್ದಳು. ಮಗು ಖಾಲಿ ಲೋಟವನ್ನು ನೆಲಕ್ಕೆ ಕುಟ್ಟುತ್ತಾ ಆಡುತ್ತಿತ್ತು. ಮೇಲ್ತುಟಿಯ ಮೇಲೆ ಹಾಲಿನ ಬಿಳಿ ಗೆರೆ ಇತ್ತು. ಗಾಣದವನು ಪಂಚೆಯ ಚುಂಗಿನಿಂದ ಅದನ್ನು ಒರೆಸಿದ. ಹೋದ ಮೇಲೂ ಒರೆಸುತ್ತಲೇ ಇದ್ದ. ಯಾಕಪ್ಪಾ, ಏನಾಯಿತು ಎಂದು ಮಗಳು ಕೇಳಿದಳು.

ಮಗುವನ್ನು ಪೇಟೆಯ ಡಾಕ್ಟರಿಗೆ ತೋರಿಸಿದರು. ಎಷ್ಟು ದಿನ ಕುಡಿದಿದೆ ಎಂದು ಅವರು ಕೇಳಿದರು. ಐದು ತಿಂಗಳು ಎಂದ ಗಾಣದವನು. ಡಾಕ್ಟರು ಬರೆಯುತ್ತಿದ್ದ ಕೈ ನಿಲ್ಲಿಸಿದರು. ಹೊಟ್ಟೆ ಒತ್ತಿ ನೋಡಿದರು, ಕಣ್ಣು ನೋಡಿದರು. ಈಗ ಏನೂ ಕಾಣುವುದಿಲ್ಲ ಎಂದರು. ಮುಂದೆ ಕಾಣಬಹುದು, ಕಾಣದೆಯೂ ಇರಬಹುದು. ಯಾವಾಗ ಎಂದು ಗಾಣದವನು ಕೇಳಿದ. ಕಣ್ಣಿನ ಬಿಳಿ ಹಳದಿಯಾದರೆ ತಕ್ಷಣ ಕರೆದುಕೊಂಡು ಬನ್ನಿ ಎಂದಷ್ಟೇ ಹೇಳಿದರು.

ಅವನು ಗಾಣದಲ್ಲಿದ್ದ ಹಿಂಡಿಯನ್ನೆಲ್ಲ ಸುಟ್ಟ. ಮುದುಕಿಯ ಮನೆಗೆ ಹೋಗಿ ಅವಳನ್ನು ಕರೆತಂದ. ಅವಳು ಮೊದಲಿನ ಜಾಗದಲ್ಲೇ ಕೂತು ಮೊರ ಹಿಡಿದಳು. ನೀರು ತುಂಬಿದ್ದ ಗಡಿಗೆಯನ್ನು ಅವನೇ ಚೆಲ್ಲಿ, ಒಣಗಿಸಿ, ಅವಳ ಪಕ್ಕದಲ್ಲಿಟ್ಟ. ಸಂಜೆ ಅವನೇ ಒಲೆಗೆ ಹಾಕುತ್ತಿದ್ದ. ಈಗ ಉರಿ ಎದ್ದರೆ ಅವನಿಗೆ ಹೊಟ್ಟೆ ಉರಿಯುತ್ತಿರಲಿಲ್ಲ.

ಆದರೆ ಐದು ತಿಂಗಳ ಹಿಂಡಿ ಗಾಣದಿಂದ ಹೊರಗೆ ಹೋಗಿಯಾಗಿತ್ತು. ಯಾವ ಯಾವ ಹಳ್ಳಿಯ ಗಾಡಿಗಳು ಬಂದು ತುಂಬಿಕೊಂಡು ಹೋಗಿದ್ದವೋ ಅವನಿಗೆ ನೆನಪಿರಲಿಲ್ಲ. ನೆನಪಿದ್ದ ಊರುಗಳಿಗೆ ನಡೆದುಕೊಂಡೇ ಹೋದ. ಮನೆಮನೆಯ ಮುಂದೆ ನಿಂತು, ನನ್ನ ಹಿಂಡಿ ಹಾಕಿದ್ದೀರಾ ಎಂದು ಕೇಳಿದ. ಹಿಂಡಿ ಹಳೆಯದಾಗಿದ್ದರೆ ಹೊಸದು ಕೊಡಲು ಬಂದಿದ್ದಾನೆಂದು ಜನ ತಿಳಿದರು. ಕೆಲವರು ಒಳಗೆ ಕರೆದರು. ಒಂದು ಮನೆಯಲ್ಲಿ ದೂರದಿಂದ ಬಂದವನೆಂದು ಹಾಲು ಕಾಸಿ ಕೊಟ್ಟರು. ಅವನು ಆ ಲೋಟವನ್ನು ಹಿಡಿದುಕೊಂಡು ಕೂತಿದ್ದ. ಆ ಮನೆಯಲ್ಲಿ ನಾಲ್ಕು ಮಕ್ಕಳಿದ್ದವು. ಅವನು ಆ ಹಾಲನ್ನು ಕುಡಿದ. ಕುಡಿದ ಮೇಲೆ ವಿಷಯ ಹೇಳಿದ.

ಮನೆಯಲ್ಲಿ ದಿನವೂ ಬೆಳಿಗ್ಗೆ, ಬಿಸಿಲು ಕಟ್ಟೆಗೆ ಬಂದ ಕೂಡಲೇ, ಮೊಮ್ಮಗಳನ್ನು ಕರೆದು ಎದುರಿಗೆ ನಿಲ್ಲಿಸಿಕೊಳ್ಳುತ್ತಿದ್ದ. ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ಕಣ್ಣಿನ ಬಿಳಿಯನ್ನು ನೋಡುತ್ತಿದ್ದ. ಒಂದು ದಿನ ಬಿಳಿ ಎನಿಸಿದರೆ ಮರುದಿನ ಸ್ವಲ್ಪ ಹಳದಿ ಎನಿಸುತ್ತಿತ್ತು. ಬಿಸಿಲಿನ ಬಣ್ಣವಿರಬೇಕು ಎಂದು ನೆರಳಿಗೆ ಕರೆದುಕೊಂಡು ಹೋಗಿ ನೋಡುತ್ತಿದ್ದ. ಹೆಂಡತಿಯನ್ನು ಕರೆದು ತೋರಿಸುತ್ತಿದ್ದ. ಮಗುವಿಗೆ ಇದೊಂದು ಆಟ. ಅದೂ ನಗುತ್ತಾ ಅಜ್ಜನ ರೆಪ್ಪೆ ಎಳೆದು ಅವನ ಕಣ್ಣಿನೊಳಗೆ ನೋಡುತ್ತಿತ್ತು.

ಮೇಷ್ಟ್ರು ಅಲ್ಲಿಗೆ ನಿಲ್ಲಿಸಿದರು.

ತಿಪ್ಪೇಶನಿಗೆ ತನ್ನ ವರದಿಯ ಪುಟಗಳು ಒಂದೊಂದಾಗಿ ನೆನಪಾದವು. ಹಿಂಡಿ ಯಾವ ಮಿಲ್ಲಿನಿಂದ ಬಂದದ್ದು ಎಂದು ಬರೆದಿದ್ದ. ಆ ಮಿಲ್ಲಿಗೆ ಎಂಥ ಕಾಳು ಬಂದಿತ್ತೆಂದು ಬರೆದಿರಲಿಲ್ಲ. ಕೇಳಿಯೂ ಇರಲಿಲ್ಲ.

"ಆ ಮಗು ಈಗ ಹೇಗಿದೆ, ಸರ್?" ಎಂದು ಕೇಳಿದ.

"ಅಜ್ಜ ಇನ್ನೂ ದಿನಾ ಅದರ ಕಣ್ಣು ನೋಡುತ್ತಿದ್ದಾನೆ" ಎಂದರು ಮೇಷ್ಟ್ರು.

ಅವರು ವರದಿಯನ್ನು ಅವನ ಕಡೆ ಸರಿಸಿದರು. ಬಿಸ್ಕತ್ತಿದ್ದ ತಟ್ಟೆಯನ್ನು ಅದರ ಮೇಲಿಟ್ಟರು.

"ಆ ಗಾಣದಲ್ಲೂ ಏನೂ ವ್ಯರ್ಥವಾಗಲಿಲ್ಲ, ತಿಪ್ಪೇಶ."