ನಾಲ್ಕನೆಯ ಹೆಜ್ಜೆ

ಒಂದು ಕಾಡಿನಲ್ಲಿ, ತೇಗದ ಮರಗಳೆಲ್ಲ ಎಲೆ ಉದುರಿಸಿ ನಿಂತಿದ್ದ ಬೇಸಿಗೆಯಲ್ಲಿ, ಗಿಲಕಯ್ಯ ಎಂಬ ಮುಳ್ಳುಹಂದಿ ಒಬ್ಬನೇ ಇದ್ದ. ನಡೆದರೆ ಅವನ ಬಾಲದ ಮುಳ್ಳುಗಳು ಗಿಲಗಿಲ ಎನ್ನುತ್ತಿದ್ದವು, ಅದಕ್ಕೇ ಆ ಹೆಸರು. ಹೆಸರಿಟ್ಟವರು ಯಾರೂ ಹತ್ತಿರ ನಿಂತು ಅವನನ್ನು ಕರೆದದ್ದಿಲ್ಲ. ಕೆಟ್ಟವನೆಂದಲ್ಲ, ಪಾಪ. ಮುಳ್ಳು ಚುಚ್ಚುತ್ತದಲ್ಲ! ಜಿಂಕೆಯಂತೂ ಹತ್ತು ಮಾರು ದೂರದಿಂದಲೇ "ಚೆನ್ನಾಗಿದ್ದೀಯಾ?" ಎಂದು ಕೇಳಿ, ಉತ್ತರ ಬರುವ ಮೊದಲೇ ಹೊರಟುಬಿಡುತ್ತಿತ್ತು.

ಸಂಜೆಯಾದರೆ ಗಿಲಕಯ್ಯನಿಗೆ ಹೊತ್ತೇ ಹೋಗುತ್ತಿರಲಿಲ್ಲ. ಬಿಲದ ಬಾಯಲ್ಲಿ ಕೂತು ಬಾಲ ಅಲುಗಿಸುತ್ತಿದ್ದ. ಗಿಲಗಿಲಗಿಲ ಎಂದು ಬಿಡುವಿಲ್ಲದ ಸದ್ದು. ಅದನ್ನು ಕೇಳಿ ಯಾರ ಕಾಲೂ ಅಲುಗಲಿಲ್ಲ. ಕಿವಿ ಮುಚ್ಚಿಕೊಂಡವರೇ ಹೆಚ್ಚು.

ಒಂದು ಸಂಜೆ ಅವನಿಗೆ ಸಾಕುಸಾಕಾಯಿತು. ಗಿಲ್, ಗಿಲ್, ಗಿಲ್ ಎಂದು ಮೂರು ಸಲ ಅಲುಗಿಸಿ, ಯಾರಾದರೂ ಬಂದರೇನೋ ಎಂದು ಅರೆಗಳಿಗೆ ಕಿವಿಗೊಟ್ಟ. ಯಾರೂ ಬರಲಿಲ್ಲ. ಮತ್ತೆ ಮೂರು ಸಲ ಅಲುಗಿಸಿದ, ಮತ್ತೆ ಕಿವಿಗೊಟ್ಟ. ಹೀಗೇ ಎಷ್ಟೋ ಹೊತ್ತು ನಡೆಯಿತು. ಆಮೇಲೆ, ಅವನು ಸುಮ್ಮನಾದ ಆ ಅರೆಗಳಿಗೆಯಲ್ಲೇ ಸರಿಯಾಗಿ ಧಪ್ ಎಂದಿತು! ನೋಡಿದರೆ ಎದುರಿಗೆ ಒಂದು ಮೊಲ. ಅದು ತನ್ನ ಕಾಲನ್ನೇ ಬೆರಗಾಗಿ ನೋಡುತ್ತಿತ್ತು.

"ನಾನಲ್ಲಪ್ಪ ಕುಟ್ಟಿದ್ದು, ಈ ಕಾಲು!" ಎಂದಿತು ಮೊಲ. "ನೀನು ಮೂರು ಬಾರಿಸಿ ನಾಲ್ಕನೇದನ್ನ ಖಾಲಿ ಬಿಟ್ರೆ ಕಾಲು ಸುಮ್ನಿರತ್ತಾ? ಎಲ್ಲಿ, ಇನ್ನೊಂದ್ಸಲ!"

ಗಿಲಕಯ್ಯ ಬಾರಿಸಿದ, ಮೊಲ ಕುಟ್ಟಿತು. ಅವನು ಯಾರಿಗಾಗಿಯೋ ಕಾಯುತ್ತಿದ್ದ ಜಾಗಕ್ಕೆ ಒಬ್ಬರು ಬಂದಿದ್ದರು.

ಇದನ್ನು ನರಿಯೊಂದು ನೋಡಿತು. ಮೊಲ ಹೋದಮೇಲೆ ಹಲ್ಲುಕಿರಿಯುತ್ತ ಬಂದು, "ಗಿಲಕಯ್ಯ, ನಾಳೆ ಇಡೀ ಕಾಡನ್ನೇ ನಿನ್ನ ಮುಂದೆ ತಂದು ನಿಲ್ಲಿಸ್ತೀನಿ. ಒಂದೇ ಮಾತು. ನಾನು ಹೇಳೋವರೆಗೆ ನೀನು ನಿಲ್ಲಿಸಬಾರದು," ಎಂದಿತು.

ನರಿ ಮಾತಿಗೆ ತಪ್ಪಲಿಲ್ಲ. ಮರುದಿನ ಸಂಜೆ ಜಿಂಕೆ ಬಂತು, ನವಿಲು ಬಂತು, ಮೊಲವಂತೂ ಎಲ್ಲರಿಗಿಂತ ಮೊದಲೇ ಹಾಜರು. ಪಕ್ಕದ ಪೊದೆಯ ಬುಡದಲ್ಲಿ ಗೂಡು ಮಾಡಿಕೊಂಡಿದ್ದ ಗೌಜಲಹಕ್ಕಿ, ಎಲ್ಲರ ಬಾಯಲ್ಲಿ ಗೌಜಕ್ಕ, ನಾಲ್ಕು ಮೊಟ್ಟೆಗಳನ್ನು ಬಿಟ್ಟು ಬರಲು ಹಿಂದೆಮುಂದೆ ನೋಡಿದಳು. ಅವಳ ಕಿವಿ ಬಲು ಚುರುಕು. ಒಣಗಿದ ತೇಗದೆಲೆಯ ಮೇಲೆ ಯಾರು ಕಾಲಿಟ್ಟರೂ ಕೇಳಿಸುತ್ತದೆ ಎಂಬ ಧೈರ್ಯದ ಮೇಲೆ, "ಎರಡು ಹೆಜ್ಜೆ ಹಾಕಿ ಬಂದ್ಬಿಡ್ತೀನಿ" ಎಂದು ಬಂದಳು. ಎರಡು ಇನ್ನೂರಾಯಿತು.

ಗಿಲ್, ಗಿಲ್, ಗಿಲ್, ಧಪ್! ಇಷ್ಟು ದಿನ ದೂರ ನಿಂತವರು ಆಗಲೂ ದೂರವೇ ನಿಂತಿದ್ದರು, ಆದರೆ ಎಲ್ಲರ ಕಾಲೂ ಒಂದೇ ಸಲಕ್ಕೆ ಬೀಳುತ್ತಿತ್ತು. ಮುಳ್ಳು ಯಾರಿಗೂ ಚುಚ್ಚಲಿಲ್ಲ. ಸಂತೋಷಕ್ಕೆ ಗಿಲಕಯ್ಯ ಇನ್ನೂ ಜೋರಾಗಿ ಬಾಲ ಅಲುಗಿಸಿದ.

ಎರಡನೆಯ ಸಂಜೆ ಅವನೊಂದು ವಿಷಯ ಗಮನಿಸಿದ. ಎಲ್ಲರೂ ಧಪ್ ಎಂದು ಹೆಜ್ಜೆ ಹಾಕುವಾಗ ನರಿಯೂ ಹಾಕುತ್ತಿತ್ತು, ಆದರೆ ಹಿಂದಕ್ಕೆ. ಒಂದು ಧಪ್‌ಗೆ ಒಂದು ಹೆಜ್ಜೆ. ಎಲ್ಲರ ಕಾಲಸದ್ದಿನೊಳಗೆ ತನ್ನ ಕಾಲಸದ್ದನ್ನು ಮುಚ್ಚಿಕೊಂಡು ಅದು ಪೊದೆಯ ಮರೆಗೆ ಸರಿದುಹೋಯಿತು. ಅದು ಹೋದದ್ದು ಗೌಜಕ್ಕನ ಗೂಡಿನ ಕಡೆಗೆಂದು ಗಿಲಕಯ್ಯನಿಗೆ ಹೊಳೆಯಿತು. ಬಾಲ ಮಾತ್ರ ನಿಲ್ಲಲಿಲ್ಲ. ನಿಲ್ಲಿಸಿದರೆ ಇವರೆಲ್ಲ ಹೊರಟುಹೋಗುತ್ತಾರಲ್ಲ! ಏನೂ ಕಾಣಲಿಲ್ಲವೆಂದು ತನಗೆ ತಾನೇ ಹೇಳಿಕೊಂಡ.

ನಾಲ್ಕನೆಯ ಸಂಜೆಯ ಹೊತ್ತಿಗೆ ಗೂಡಿನಲ್ಲಿ ಎರಡೇ ಮೊಟ್ಟೆ ಉಳಿದಿದ್ದವು. ಗೌಜಕ್ಕನ ಗೋಳು ಕೇಳಲಾಗುತ್ತಿರಲಿಲ್ಲ. "ಇನ್ನು ಕುಣಿತವೂ ಬೇಡ, ಏನೂ ಬೇಡ," ಎಂದು ಜಿಂಕೆ ಹೊರಟಿತು. ನರಿ ಗಿಲಕಯ್ಯನ ಕಿವಿಯ ಹತ್ತಿರ, "ನೀನು ಬಾರಿಸ್ತಾ ಇರು ಕಣಯ್ಯ, ಅವರ ಕಾಲೇ ಅವರನ್ನ ಎಳ್ಕೊಂಡು ಬರತ್ತೆ. ನಿಲ್ಲಿಸಿದ್ರೆ ನಿನ್ನ ಬಿಲದ ಕಡೆ ಯಾರು ತಿರುಗಿ ನೋಡ್ತಾರೆ?" ಎಂದಿತು. ಅದು ನಿಜವೇ ಆಗಿತ್ತು, ಅದೇ ಕಷ್ಟ.

ಬೆಳಗಾದೊಡನೆ ಗಿಲಕಯ್ಯ ಗೂಡಿನ ಬಳಿಗೆ ಹೋಗಿ ತಲೆ ತಗ್ಗಿಸಿ ನಿಂತ. "ಅಕ್ಕ, ನರಿ ಹಿಂದಕ್ಕೆ ಸರಿಯೋದನ್ನ ನಾನು ನೋಡಿದ್ದೆ. ಹೇಳಿದ್ರೆ ಮತ್ತೆ ಒಬ್ಬನೇ ಆಗ್ತೀನಿ ಅಂತ ಬಾಯಿ ಮುಚ್ಕೊಂಡಿದ್ದೆ."

ಗೌಜಕ್ಕ ಅವನನ್ನೇ ನೋಡಿದಳು. "ನಿನ್ನ ಬೇಸರ ಕಳೆಯೋಕೆ ನನ್ನ ಮಕ್ಕಳು ಬೇಕಾಗಿತ್ತಾ?"

"ಇವತ್ತೊಂದು ಸಂಜೆ ಎಲ್ಲರೂ ಬನ್ನಿ," ಎಂದು ಗಿಲಕಯ್ಯ ಹೇಳಿ, ಏನು ಮಾಡಬೇಕೆಂದು ತಿಳಿಸಿದ. ಅವಳು ಅದನ್ನು ಒಬ್ಬೊಬ್ಬರಿಗೂ ಗುಟ್ಟಾಗಿ ಮುಟ್ಟಿಸಿದಳು. ನಂಬಿದವರು ಕಡಿಮೆ. ನಮ್ಮನ್ನೆಲ್ಲ ಕರೆದು ಕುಣಿಸಿದ್ದೇ ನರಿಯಲ್ಲವೇ ಎಂದರು. ಆದರೂ ಬಂದರು.

ಆ ಸಂಜೆ ಎಂದಿನಂತೆಯೇ ಕುಣಿತ ಶುರುವಾಯಿತು. ನರಿ ಹಿಂದಕ್ಕೆ ಸರಿದು ಸರಿದು ಪೊದೆಯ ಮರೆಯಾಯಿತು. ಇನ್ನಷ್ಟು ಹೊತ್ತು ಬಿಟ್ಟು ಗಿಲಕಯ್ಯ ಬೆನ್ನ ಮುಳ್ಳುಗಳನ್ನು ನೆಟ್ಟಗೆ ನಿಲ್ಲಿಸಿದ. ಅದೇ ಸನ್ನೆ. ಇನ್ನು ಯಾರೂ ಹೆಜ್ಜೆ ಹಾಕಬಾರದು.

ಅಬ್ಬಾ, ಅದೇನು ಸುಲಭವೇ! ಮೊಲ ತನ್ನ ಕಾಲುಗಳ ಮೇಲೇ ಕೂತುಬಿಟ್ಟಿತು. ಜಿಂಕೆ ಗೊರಸನ್ನು ಎರಡು ಬೇರುಗಳ ನಡುವೆ ಸಿಕ್ಕಿಸಿಕೊಂಡಿತು. ನವಿಲು ಉಗುರಿನಿಂದ ನೆಲವನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿತು.

ಗಿಲ್, ಗಿಲ್, ಗಿಲ್...

ಕಾಡೆಲ್ಲ ಸ್ತಬ್ಧ. ಆ ಮೌನದಲ್ಲಿ, ಪೊದೆಯ ಹಿಂದೆ, ಒಣಗಿದೆಲೆಯ ಮೇಲೆ ಚರಕ್ ಎಂದು ಒಂದೇ ಒಂದು ಹೆಜ್ಜೆ ಬಿತ್ತು.

ನರಿ ಗಾಬರಿಯಾಯಿತು. ಅಲುಗಬಾರದೆಂದು ಬಿಗಿಯಾಗಿ ನಿಂತಿತು. ಆದರೆ ಮತ್ತೆ ಗಿಲ್, ಗಿಲ್, ಗಿಲ್ ಎಂದೊಡನೆ, ಬೇಡ ಬೇಡ ಎಂದು ಬುದ್ಧಿ ಹೇಳುವ ಮೊದಲೇ ಕಾಲು ಬಿದ್ದಾಗಿತ್ತು. ಚರಕ್!

"ಅಲ್ಲಿ!" ಎಂದು ಗೌಜಕ್ಕ ಹಾರಿದಳು. ಗಿಲಕಯ್ಯ ಬೆನ್ನು ತಿರುಗಿಸಿ ಹಿಮ್ಮುಖವಾಗಿ ನುಗ್ಗಿದ. ನರಿಯ ಮೂತಿಯ ತುಂಬ ಮುಳ್ಳು ನೆಟ್ಟವು. ಬಾಯಲ್ಲಿದ್ದ ಮೊಟ್ಟೆ ಜಾರಿ ಎಲೆಯ ರಾಶಿಯ ಮೇಲೆ ಬಿತ್ತು, ಪುಣ್ಯಕ್ಕೆ ಒಡೆಯಲಿಲ್ಲ. ಊಳಿಡುತ್ತ ಓಡಿದ ನರಿಯನ್ನು ಜಿಂಕೆ ಗುಡ್ಡದಾಚೆಯವರೆಗೂ ಅಟ್ಟಿ ಬಂತು. ಆ ಕಾಡಿನಲ್ಲಿ ಯಾರೂ ಅದನ್ನು ಮತ್ತೆ ಸೇರಿಸಲಿಲ್ಲ.

ಕಳ್ಳ ಸಿಕ್ಕಿದ. ಆದರೆ ಮರುದಿನ ಸಂಜೆ ಯಾರೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೊದಲೇ ಬಾಯಿಬಿಟ್ಟಿದ್ದರೆ ಹೋದ ಎರಡು ಮೊಟ್ಟೆಗಳೂ ಉಳಿಯುತ್ತಿದ್ದವು ಎಂಬುದು ಎಲ್ಲರಿಗೂ ಗೊತ್ತಿತ್ತು, ಗಿಲಕಯ್ಯನಿಗೂ ಗೊತ್ತಿತ್ತು. ಅವನು ಬಾಲ ಮುದುರಿಕೊಂಡು ಕೂತ. ಬಾರಿಸಲು ಮನಸ್ಸೇ ಬರಲಿಲ್ಲ. ಒಂಟಿತನ ಅವನಿಗೆ ಹೊಸದೇನಲ್ಲ, ಆದರೆ ಜೊತೆಯ ರುಚಿ ಕಂಡಮೇಲಿನ ಒಂಟಿತನ ಬಹಳ ಕೆಟ್ಟದ್ದು.

ಎಷ್ಟೋ ದಿನಗಳ ಮೇಲೆ ಒಂದು ಸಂಜೆ ಗೌಜಕ್ಕ ಬಂದಳು. ಹಿಂದೆ ಎರಡು ಪುಟ್ಟ ಮರಿಗಳು.

"ನಾನೇನೂ ಮರೆತಿಲ್ಲ," ಎಂದಳು. "ಆದರೂ ಬಾರಿಸು."

ಗಿಲಕಯ್ಯ ಬಾಲ ಎತ್ತಿದ. ಗಿಲ್, ಗಿಲ್, ಗಿಲ್ ಎಂದು ನಿಲ್ಲಿಸಿದ. ಮರಿಗಳು ಸುಮ್ಮನೆ ನೋಡಿದವು. ಮತ್ತೆ ಬಾರಿಸಿದ, ಮತ್ತೆ ಕಾದ. ಮೂರನೆಯ ಸಲಕ್ಕೆ ಚಿಕ್ಕ ಮರಿಯ ಕಡ್ಡಿಯಂಥ ಕಾಲೊಂದು ತಾನಾಗಿ ಎದ್ದು, ಅವನು ಬಿಟ್ಟ ಜಾಗದಲ್ಲಿ ಮೆಲ್ಲಗೆ ಬಿತ್ತು. ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಗಿಲಕಯ್ಯನಿಗೆ ಅಳು ಬಂತು, ಆದರೂ ಬಾರಿಸುವುದನ್ನು ನಿಲ್ಲಿಸಲಿಲ್ಲ.

ನೀತಿ: ಬೇರೆಯವರ ಸಂತೋಷದ ಮರೆಯಲ್ಲಿ ಕದಿಯುವವನನ್ನು ಅವನ ಹೆಜ್ಜೆಯೇ ಹಿಡಿದುಕೊಡುತ್ತದೆ, ಒಂಟಿಯಾಗುತ್ತೇನೆಂದು ಹೆದರಿ ತಪ್ಪನ್ನು ಕಂಡೂ ಸುಮ್ಮನಿರುವವನು ಇನ್ನಷ್ಟು ಒಂಟಿಯಾಗುತ್ತಾನೆ.