ಉಣ್ಣದವರ ಬಂಡೆ

ಪಶ್ಚಿಮ ಆಫ್ರಿಕಾದ ನಿಂಬಾ ಬೆಟ್ಟಸಾಲಿನ ಬುಡದಲ್ಲಿ ಡಾನ್ ಜನರ ದುವೊಪ್ಲೆ ಎಂಬ ಊರಿದೆ. ಅಲ್ಲಿನ ಅಡುಗೆ ಚಪ್ಪರಗಳ ಹಿಂದೆ, ಹತ್ತು ಜನ ಆರಾಮವಾಗಿ ಕೂರಬಹುದಾದ ಚಪ್ಪಟೆ ಬಂಡೆಯೊಂದಿದೆ. ಅದರ ಹೆಸರು ಉಣ್ಣದವರ ಬಂಡೆ. ಊಟ ಹಾಕುವುದಕ್ಕೇ ಹೆಸರಾದ ಊರಿನಲ್ಲಿ ಇದೆಂಥ ಹೆಸರು ಎಂದು ಹೊಸಬರು ಮೂಗು ಮುರಿಯುತ್ತಾರೆ. ಹಿರಿಯರು ನಕ್ಕು, ಮೊದಲು ಕೂತುಕೊಳ್ಳಿ ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಊರಿನ ದೊಡ್ಡ ಸೌಟು ಯೇಯಿ ಎಂಬ ಮುದುಕಿಯ ಕೈಯಲ್ಲಿತ್ತು. ತೋಳುದ್ದದ ಮರದ ಸೌಟು ಅದು. ಹಿಡಿಯನ್ನು ಹೆಣ್ಣಿನ ಎರಡು ಕಾಲುಗಳಂತೆ ಕೆತ್ತಿದ್ದರು. ಎಲ್ಲರಿಗಿಂತ ಧಾರಾಳವಾಗಿ ಉಣಬಡಿಸುವ ಹೆಂಗಸಿಗೆ ಅದು ಸಲ್ಲುತ್ತಿತ್ತು. ಅದನ್ನು ಹಿಡಿದು ಅವಳು ಹಬ್ಬದಲ್ಲಿ ನಡೆದುಬಂದರೆ ಎಂಥ ಮೀಸೆಯ ಗಂಡಸೂ ದಾರಿ ಬಿಡಬೇಕು. ಕೈ ನಡುಗತೊಡಗಿದಾಗ ಯೇಯಿ, ಸುಗ್ಗಿಯ ಹಬ್ಬದಲ್ಲಿ ಎಲ್ಲರ ಮನೆಯಲ್ಲೂ ಉಂಡು ನೋಡಿ ಇದನ್ನು ಒಬ್ಬಳಿಗೆ ಒಪ್ಪಿಸುತ್ತೇನೆ ಎಂದಳು. ಸಿರಿವಂತೆ ಕೋವು ಇಪ್ಪತ್ತು ಹಂಡೆ ಅನ್ನ ಏರಿಸಿದಳು. ನೋನ್ ಎಂಬವಳದು ನಾಲ್ಕೇ ಹಂಡೆ. ಆದರೆ ಆಸೆಗೇನು ಕಡಿಮೆ? ಅವಳ ತಾಯಿ ಅದೇ ಸೌಟಿಗಾಗಿ ಕಾದು ಕಾದು ಬರಿಗೈಯಲ್ಲಿ ಸತ್ತಿದ್ದಳು. ನೋನ್‌ಗೆ ಅದು ಬೇಕೇ ಬೇಕಿತ್ತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅವಳಲ್ಲಿ ಉಳಿದದ್ದು ಯೇಯಿಗೆಂದು ತೆಗೆದಿರಿಸಿದ್ದ ಒಂದು ಹಂಡೆ ಮಾತ್ರ. ನೀರಿಗೆ ಹೊರಟವಳಿಗೆ ಬಂಡೆಯ ಮೇಲೆ ಕುಸಿದು ಕೂತಿದ್ದ ಕೋವುವಿನ ಅಡುಗೆಯ ಹೆಂಗಸರು ಕಂಡರು. ಬೆಳಗಿನಿಂದ ಒಲೆಯ ಮುಂದೆ ಬೆಂದವರು.

"ಉಂಡ್ರೇನ್ರವ್ವಾ?" ಎಂದು ಕೇಳಿದಳು.

"ಎಲ್ಲಿ ಉಣ್ಣೋದು? ಜನ ಬರ್ತಾನೇ ಅವ್ರೆ," ಎಂದಳು ಒಬ್ಬಳು.

ನೋನ್ ಕೊಡ ಕೆಳಗಿಟ್ಟಳು. ಇವರಿಗೆ ಬಡಿಸಿದರೆ ಸೌಟು ಕೈಬಿಟ್ಟಂತೆಯೇ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಆ ಹಂಡೆಯನ್ನೇ ಹೊತ್ತು ತಂದು, ತಳ ಕೆರೆಯುವವರೆಗೆ ಬಡಿಸಿದಳು.

ಯೇಯಿ ಊಟಕ್ಕೆ ಬಂದಾಗ ನೋನ್ ಖಾಲಿ ಹಂಡೆ ತೋರಿಸಿ ಅತ್ತೇಬಿಟ್ಟಳು. ಮುದುಕಿ ಬಂಡೆಯ ಕಡೆ ನೋಡಿದಳು. ಹೆಂಗಸರು ಇನ್ನೂ ಬೆರಳು ನೆಕ್ಕುತ್ತಿದ್ದರು.

"ಸೌಟಿಗೆ ಕಾಲು ಯಾಕೆ ಕೆತ್ತವ್ರೆ ಗೊತ್ತೇನೇ? ಹಸಿದೋರು ಬರ್ಲಿ ಅಂತ ಕೂರಬಾರ್ದು, ಹುಡುಕ್ಕೊಂಡು ಹೋಗ್ಬೇಕು ಅಂತ. ನನ್ನ ಹೊಟ್ಟೆ ತುಂಬೈತೆ. ತಗೋ," ಎಂದು ಯೇಯಿ ಸೌಟನ್ನು ನೋನ್ ಕೈಗಿತ್ತಳು.

ಕೋವು ಮುಖ ಊದಿಸಿಕೊಂಡು ಹೋದಳು. ಮರುವರ್ಷ ಅವಳೂ ಅಡುಗೆಯವರಿಗೇ ಮೊದಲು ಬಡಿಸಿದಳು ಎನ್ನುತ್ತಾರೆ.

ಇಂದಿಗೂ ಹಬ್ಬದ ದಿನ ಹೋದ ಅತಿಥಿಗಳು ತುಸು ಕಾಯಬೇಕು. ಮೊದಲ ಪಂಕ್ತಿ ಬಂಡೆಯ ಮೇಲೆ, ಕೈಗೆ ಮಸಿ ಹತ್ತಿದ ಹೆಂಗಸರಿಗೆ. ಬಡಿಸುವವಳ ಕೈಯಲ್ಲಿರುವುದು ಅದೇ ಹಳೆಯ ಸೌಟು. ಅದರ ಹಿಡಿಯ ಪಾದಗಳ ಬೆರಳುಗಳು ಸವೆದು ನುಣ್ಣಗಾಗಿವೆ. ಹೊಸದು ಕೆತ್ತಿಸಬಾರದೇ ಎಂದು ಯಾರಾದರೂ ಕೇಳಿದರೆ, ಇಷ್ಟು ನಡೆದ ಮೇಲೆ ಕಾಲು ಸವೆಯದೆ ಇರುತ್ತದೆಯೇ ಎಂದು ಊರಿನವರು ಅವರ ಮುಂದೆ ಅನ್ನ ತಂದಿಡುತ್ತಾರೆ.