ಕೆಂಗೆನ್ನೆ ಕಡವು

ಅಡವಿಹೊಳೆಯ ದಂಡೆಯಲ್ಲಿ ದೋಣಿ ಹತ್ತುವ ಕಡವೊಂದು ಇಂದಿಗೂ ಇದೆ. ಇದಕ್ಕೆ ಕೆಂಗೆನ್ನೆ ಕಡವು ಎಂದು ಹೆಸರು. ಯಾವಳೋ ಚೆಲುವೆಯ ಕಥೆ ಇರಬೇಕೆಂದು ಆಸೆಪಟ್ಟು ಬರುವವರಿಗೆ ನಾನು ಮೊದಲೇ ಹೇಳಿಬಿಡುತ್ತೇನೆ, ಕೆನ್ನೆ ಒಂದು ಹಕ್ಕಿಯದು. ಕಡವಿನ ಎದುರು ಹೊಳೆ ನಡುಗಡ್ಡೆಗೆ ತಾಗಿ ಎರಡಾಗುತ್ತದೆ. ಬಲಗವಲು ಬಯಲಿನಲ್ಲಿ ಅಗಲವಾಗಿ ಹರಿದು ಆಚೆ ದಡದ ಊರು ಮುಟ್ಟಿಸುತ್ತದೆ. ಎಡಗವಲು ಕಾಡಿನ ನೆರಳಿಗೆ ನುಗ್ಗಿ, ಸ್ವಲ್ಪ ದೂರದಲ್ಲೇ ಬಂಡೆಯ ಮೇಲಿಂದ ಧುಮುಕುತ್ತದೆ. ಎರಡರಲ್ಲೂ ಮಿಂಚುಳ್ಳಿಗಳಿವೆ. ನೀಲಿ ಬೆನ್ನು, ಕಿತ್ತಳೆ ಹೊಟ್ಟೆ, ಉದ್ದ ಕೊಕ್ಕು. ಅವಳಿಜವಳಿ ಎಂದೇ ಅನ್ನಬೇಕು. ಆದರೆ ಬಯಲಿನದಕ್ಕೆ ಕೆನ್ನೆಯ ಮೇಲೆ ಕೆಂಪು ಮಚ್ಚೆ, ಕಾಡಿನದಕ್ಕೆ ಕೆನ್ನೆಯೂ ನೀಲಿ.

ಹಿಂದೆ ಒಮ್ಮೆ ಇಲ್ಲಿ ಹೊನ್ನಪ್ಪನೆಂಬ ಅಂಬಿಗನಿದ್ದನಂತೆ. ಮಂಜು ಕವಿದ ದಿನ ಮಿಂಚುಳ್ಳಿ ಕಂಡರೆ ಅದೇ ಬಲಗವಲು ಎಂದು ದೋಣಿ ಬಿಡುವುದು ಅವನ ಮನೆತನದ ರೂಢಿ. ಎಡಗವಲಿಗೆ ಅಂಬಿಗರು ಯಾರೂ ಹೋಗಿರಲಿಲ್ಲವಾದ್ದರಿಂದ ಅಲ್ಲೂ ಮಿಂಚುಳ್ಳಿ ಇದೆಯೆಂದು ಅವರಿಗೆ ಗೊತ್ತೇ ಇರಲಿಲ್ಲ. ಆಚೆ ದಡದಲ್ಲಿ ಅವನ ಮಗಳು ತುಳಸಿ ಎರಡು ದಿನದಿಂದ ಹೆರಿಗೆ ನೋವು ತಿನ್ನುತ್ತಿದ್ದಳು. ಮುಂಜಾನೆ ಹೊನ್ನಪ್ಪ ಈಚೆ ದಡದ ಸೂಲಗಿತ್ತಿ ದುಗ್ಗಜ್ಜಿಯನ್ನು ಕೂರಿಸಿಕೊಂಡು ಹೊರಟ. ಕೈಯೇ ಕಾಣದಷ್ಟು ಮಂಜು. ಧುಮುಕುವ ನೀರಿನ ಸದ್ದು ಎಲ್ಲ ದಿಕ್ಕಿನಿಂದಲೂ ಬಂದಂತೆ ಕೇಳುತ್ತಿತ್ತು. ದೋಣಿಗೆ ತಾಗುವಷ್ಟು ಹತ್ತಿರದ ಕೊಂಬೆಯಲ್ಲಿ ನೀಲಿ ಹಕ್ಕಿ ಕಂಡದ್ದೇ ತಡ, ಬಲಗವಲು ಸಿಕ್ಕಿತು ಎಂದು ಅವನು ಜೋರಾಗಿ ಹುಟ್ಟು ಹಾಕಿದ. ಅಜ್ಜಿ ಹುಟ್ಟನ್ನೇ ಹಿಡಿದು ತಡೆದಳು.

"ದೋಣಿ ತಿರ್ಗ್ಸು ಹೊನ್ನಪ್ಪ. ಅದ್ರ ಕೆನ್ನೆ ನೀಲಿ. ಬೇರು ತರೂಕೆ ಕಾಡಿಗೆ ಹೋದಾಗ ನೋಡಿದ್ದೆ ನಾನು. ಇದು ಬಯಲಿಗೆ ಬರೂದಿಲ್ಲ."

"ಅಲ್ಲಿ ನನ್ ಮಗ್ಳು ಸಾಯ್ತಾ ಬಿದ್ದದೆ, ನೀ ಹಕ್ಕಿ ಕೆನ್ನೆ ನೋಡ್ತೆ?"

"ಹುಟ್ಟಿದ್ ಮಕ್ಳ ಕೆನ್ನೆ ನೋಡೇ ಮುದ್ಕಿ ಆದವ್ಳು ನಾನು. ತಿರ್ಗ್ಸು."

ಬೈಯುತ್ತಲೇ ತಿರುಗಿಸಿದ. ಅಷ್ಟರಲ್ಲಿ ಮಂಜು ತುಸು ಸರಿಯಿತು. ಹತ್ತು ಮಾರು ಆಚೆಗೆ ಹೊಳೆಯೇ ಇರಲಿಲ್ಲ. ನೀರು ಬಂಡೆಯಂಚಿನಿಂದ ಕೆಳಗೆ ಧುಮುಕುತ್ತಿತ್ತು.

ಬಿಸಿಲೇರುವ ಮೊದಲೇ ತುಳಸಿ ಹೆತ್ತಳು. ತಾಯಿ ಮಗು ಇಬ್ಬರೂ ಉಳಿದರು. ಹೊನ್ನಪ್ಪ ಅಂಗಳದಲ್ಲಿ ಕೂತು ಗಟ್ಟಿಯಾಗಿ ಅತ್ತ, ಅಳುತ್ತಲೇ ನಕ್ಕ. ಕಡವಿಗೆ ದುಗ್ಗಜ್ಜಿಯ ಹೆಸರಿಡೋಣ ಎಂದು ಊರವರು ಹೊರಟರೆ ಮುದುಕಿ ಒಪ್ಪಲಿಲ್ಲ ಎನ್ನುತ್ತಾರೆ. "ನನ್ ಹೆಸ್ರು ಎಂತಕ್ಕೆ? ನಾಳೆ ಮಂಜು ಬಿದ್ದಾಗ ನಾನಿರೂದಿಲ್ಲ. ಎಂತ ನೋಡ್ಬೇಕು ಅನ್ನೂದನ್ನೇ ಹೆಸ್ರಿಡಿ" ಎಂದಳಂತೆ.

ಈಗ ಮೇಲ್ಗಡೆ ಸೇತುವೆಯಾಗಿದೆ, ದೋಣಿ ಹತ್ತುವವರು ಕಡಿಮೆ. ಆದರೂ ಮಂಜಿನ ಮುಂಜಾನೆ ಬಂದವರು ನೋಡಬಹುದು. ಎಷ್ಟೇ ಅವಸರವಿರಲಿ, ನಡುಗಡ್ಡೆಯ ಬಳಿ ಅಂಬಿಗ ಹುಟ್ಟು ಎತ್ತಿ ಸುಮ್ಮನೆ ಕೂರುತ್ತಾನೆ. ದೋಣಿಯಲ್ಲಿರುವ ಹೆಂಗಸರಲ್ಲಿ ಒಬ್ಬಳು "ಕೆಂಪು" ಎಂದ ಮೇಲೆಯೇ ಹುಟ್ಟು ನೀರಿಗಿಳಿಯುತ್ತದೆ.